ಬೇಸ್ ಬೇಕಾ? ವಾಟ್ ನೋಡಬೇಡಿ, ರೂಮ್ ನೋಡಿ

ಇಟಗಿಯಿಂದ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸ್ಯಾನ: "ಅಣ್ಣಾ, ಡಬ್ಬಿ ಮ್ಯಾಲೆ ಸಾವಿರಾರು ವಾಟ್ ಅಂತ ಬರದಾರ. ಮನ್ಯಾಗ ಹಚ್ಚಿದ್ರ ಬರೀ ಗುಂಯ್ ಅಂತೈತಿ. ರೊಕ್ಕ ನೀರಾಗ ಹೋತೇನ?"

ಮೊದಲು ಆ ವಾಟ್ ಲೆಕ್ಕ. ದೊಡ್ಡ ಅಕ್ಷರದಲ್ಲಿ ಇರೋದು ಪಿಎಂಪಿಒ, ಅಂದ್ರೆ ಕ್ಷಣಮಾತ್ರದ ಗರಿಷ್ಠ ಅಂತ ತೋರಿಸೋ ಅಂಕಿ. ಅದನ್ನ ಅಳೆಯೋಕೆ ಒಂದೇ ನಿಯಮ ಇಲ್ಲ. ನೀವು ನೋಡಬೇಕಾದ್ದು ಆರ್‌ಎಂಎಸ್. ಸ್ಪೀಕರ್ ಸತತವಾಗಿ ತಡೆಯೋ ಶಕ್ತಿ ಅದು. ಬ್ಯಾಲೆನ್ಸ್ ಶೀಟ್ ಓದೋ ಹಾಗೆ, ಸಣ್ಣ ಅಕ್ಷರದಲ್ಲೇ ನಿಜ ಇರುತ್ತೆ.

ಎರಡನೇದು ಸೈಜ್. ಹಲಗಿ ಚುರುಕಾಗಿ ಕೇಳುತ್ತೆ, ಡೊಳ್ಳು ಎದೆಗೆ ಬಡಿಯುತ್ತೆ. ಡೊಳ್ಳಿಗೆ ಅಗಲವಾದ ಚರ್ಮ, ಒಳಗೆ ದೊಡ್ಡ ಟೊಳ್ಳು. ಕೆಳಗಿನ ಸ್ವರಕ್ಕೆ ತುಂಬ ಗಾಳಿ ಅಲುಗಾಡಬೇಕು. ಅದಕ್ಕೇ 4 ಇಂಚಿನ ವೂಫರ್‌ಗಿಂತ 8 ಇಂಚಿಂದು ಆಳಕ್ಕೆ ಇಳಿಯುತ್ತೆ. ಬಜೆಟ್ ಕಮ್ಮಿ ಇದ್ರೆ, ಐದು ಪುಟ್ಟ ಸ್ಪೀಕರ್ ಇರೋ 5.1 ಬಿಟ್ಟು, ಅದೇ ರೊಕ್ಕಕ್ಕೆ ಒಳ್ಳೆ 2.1 ತಗೊಳ್ರಿ.

ಈಗ ಆ "ಗುಂಯ್". 40 ಹರ್ಟ್ಜ್ ಶಬ್ದದ ಒಂದು ಅಲೆ ಸುಮಾರು 28 ಅಡಿ ಉದ್ದ. ನಮ್ಮ ರೂಮು 10-12 ಅಡಿ. ಅಲೆ ಗೋಡೆಗೆ ಬಡಿದು ವಾಪಸ್ ಬರುತ್ತೆ. ಒಂದು ಜಾಗದಲ್ಲಿ ಎರಡೂ ಕೂಡಿ ಗದ್ದಲ, ಇನ್ನೊಂದು ಜಾಗದಲ್ಲಿ ಒಂದಕ್ಕೊಂದು ಹೊಡೆದು ಬೇಸೇ ಮಾಯ. ಮೂಲೆಯಲ್ಲಿ ಇಟ್ರೆ ಸೌಂಡ್ ಜಾಸ್ತಿ, ಗುಂಯ್‌ಗುಡೋದೂ ಜಾಸ್ತಿ. ತೆಳು ಪರದೆ ಹಾಕಿದ್ರೆ ಇದು ನಿಲ್ಲಲ್ಲ.

ಉಪಾಯ ಪುಕ್ಕಟೆ. ನೀವು ಕೂಡೋ ಜಾಗದಲ್ಲೇ ಸಬ್‌ವೂಫರ್ ಇಟ್ಟು ಬೇಸ್ ಇರೋ ಹಾಡು ಹಚ್ರಿ. ಗೋಡೆ ಪಕ್ಕ ಬಗ್ಗಿ ಅಡ್ಡಾಡ್ರಿ. ಎಲ್ಲಿ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತೋ, ಸಬ್‌ವೂಫರ್ ಅಲ್ಲಿಗೆ ಹೋಗಲಿ. ಕ್ರಾಸ್‌ಓವರ್ ಗುಂಡಿ ಇದ್ರೆ 80 ಹರ್ಟ್ಜ್‌ನಿಂದ ಶುರು ಮಾಡ್ರಿ. ಪಕ್ಕದ ಸ್ಪೀಕರ್ ತೀರಾ ಸಣ್ಣವಿದ್ರೆ ಸ್ವಲ್ಪ ಏರಿಸ್ರಿ.

ಹೊಸದು ತಗೊಳ್ಳೋರು ಕೊಪ್ಪಳಕ್ಕೋ ಗಂಗಾವತಿಗೋ ಹೋದಾಗ ನಿಮ್ಮದೇ ಮೊಬೈಲ್, ನಿಮಗೆ ಬಾಯಿಪಾಠ ಆಗಿರೋ ಹಾಡು ಹಚ್ಚಿ ಕೇಳ್ರಿ. ಅಂಗಡಿಯವರ ಡೆಮೊ ಹಾಡು ಅವರ ಸ್ಪೀಕರ್‌ಗೆ ಒಪ್ಪೋದೇ ಇರುತ್ತೆ.

ಕೊನೇ ಮಾತು. ಮಾತು ಗೋಡೆ ದಾಟಲ್ಲ, ಬೇಸ್ ದಾಟುತ್ತೆ. 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಪಕ್ಕದ ಮನಿ ಅಜ್ಜಿಗೂ ನಿದ್ದಿ ಬೇಕಲ್ರೀ.

ಇಟಗಿ ತಮ್ಮಾ, ಮಾರೋಕೆ ಹೋಗಬೇಡ. ಮೊದಲು ಡಬ್ಬಿನ ಮೂಲೆಯಿಂದ ಎರಡಡಿ ಈಚೆ ಎಳಿ. ಕೇಳಿ ಮತ್ತೆ ಮೆಸೇಜ್ ಹಾಕು.