ತೆಳುವಾದ ಕಾರ್ನಿಯಾ ಮತ್ತು ಶಸ್ತ್ರಚಿಕಿತ್ಸೆ

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿ ನಿಂತ ಪಾರದರ್ಶಕ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ಇದರ ನಡುಭಾಗದ ದಪ್ಪ ಸುಮಾರು 540 ಮೈಕ್ರಾನ್, ಎಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಕೆಲವರಲ್ಲಿ ಹರೆಯದ ವೇಳೆಗೆ ಈ ಪಟಲವು ಬಲಗುಂದಿ, ತೆಳುವಾಗಿ, ಶಂಕುವಿನ ಆಕಾರದಲ್ಲಿ ಮುಂದಕ್ಕೆ ಚಾಚತೊಡಗುತ್ತದೆ. ಇದೇ ಕೆರಟೋಕೋನಸ್. ಕನ್ನಡಕದ ನಂಬರು ಪದೇ ಪದೇ ಬದಲಾಗುವುದು, ರಾತ್ರಿ ಎದುರು ಬರುವ ಲೋಕಲ್ ಗಾಡಿಯ ದೀಪ ಒಂದಕ್ಕೆ ಎರಡಾಗಿ ಕಾಣುವುದು ಇದರ ಸೂಚನೆಗಳಾಗಿರಬಹುದು. ಕಣ್ಣುಜ್ಜುವ ಚಾಳಿಯಿಂದ ರೋಗ ಬಲಿಯುತ್ತದೆ. ತಾಯಿಯ ಗದರಿಕೆಯಲ್ಲಿ ಇಷ್ಟು ವೈದ್ಯಶಾಸ್ತ್ರವಿದೆಯೆಂದು ಯಾವ ಹುಡುಗನೂ ನಂಬಲಾರ.

ರೋಗವನ್ನು ತಡೆಯುವ ಉಪಾಯವನ್ನು 2003ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ವೋಲೆನ್ಸಾಕ್, ಸ್ಪೋರ್ಲ್ ಮತ್ತು ಸೈಲರ್ ಪ್ರಕಟಿಸಿದರು. ಕಾರ್ನಿಯಾದ ಮೇಲುಪೊರೆಯನ್ನು ಕೆರೆದು ತೆಗೆದು, ಬಿ-2 ಜೀವಸತ್ವವಾದ ರೈಬೋಫ್ಲೇವಿನ್ನನ್ನು ಹನಿಹನಿಯಾಗಿ ಇಂಗಿಸಿ, ಮೂವತ್ತು ನಿಮಿಷ ಅತಿನೇರಳೆ ಕಿರಣ ಹಾಯಿಸಿದರೆ ಒಳಗಿನ ಕೊಲಾಜನ್ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಪಟಲವು ಗಟ್ಟಿಯಾಗುತ್ತದೆ. ಇದರ ಗುರಿ ಕಳೆದ ದೃಷ್ಟಿಯನ್ನು ತರುವುದಲ್ಲ, ಇರುವುದನ್ನು ಉಳಿಸುವುದು. ಆದರೆ ಮೇಲುಪೊರೆ ತೆಗೆದ ಬಳಿಕ 400 ಮೈಕ್ರಾನಾದರೂ ದಪ್ಪ ಉಳಿಯಬೇಕು. ಇಲ್ಲವಾದರೆ ಕಿರಣಗಳು ಅತ್ಯಂತ ಒಳಗಿನ ಜೀವಕೋಶಗಳ ಪದರವನ್ನು ಸುಡುವ ಅಪಾಯವುಂಟು. ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೀಗಾಗಿ ಚಿಕಿತ್ಸೆ ಯಾರಿಗೆ ತೀರ ಅಗತ್ಯವೋ ಅವರಿಗೇ ಬಾಗಿಲು ಮುಚ್ಚಿದಂತಾಯಿತು.

ಈ ಬಾಗಿಲನ್ನು ತೆರೆಯುವ ಯತ್ನಗಳು ಸ್ವಾರಸ್ಯಕರವಾಗಿವೆ. 2009ರಲ್ಲಿ ಸ್ವಿಟ್ಜರ್ಲೆಂಡಿನ ಹಫೇಜಿ ಮತ್ತು ಸಂಗಡಿಗರು ಲವಣಾಂಶ ಕಡಿಮೆಯಿರುವ ದ್ರಾವಣದಿಂದ ಕಾರ್ನಿಯಾವನ್ನು ತಾತ್ಕಾಲಿಕವಾಗಿ ಉಬ್ಬಿಸಿದರು. 2014ರಲ್ಲಿ ಚೆನ್ನೈಯ ಸೂಸನ್ ಜೇಕಬ್ ಮತ್ತು ಸಹೋದ್ಯೋಗಿಗಳು ಬೇರೊಂದು ಜಾಣ್ಮೆಯ ಮಾರ್ಗ ತೋರಿಸಿದರು: ರೈಬೋಫ್ಲೇವಿನ್ನಿನಲ್ಲಿ ನೆನೆಸಿದ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸನ್ನು ಕಣ್ಣಿನ ಮೇಲಿರಿಸಿ, ಅದರ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಿಕೊಂಡರು. 2021ರಲ್ಲಿ ಹಫೇಜಿಯವರ ತಂಡ ಪಟಲದ ದಪ್ಪಕ್ಕೆ ತಕ್ಕಂತೆ ಕಿರಣದ ಅವಧಿಯನ್ನೇ ಕಡಿಮೆ ಮಾಡಿತು. ಪ್ಲಾಸ್ಟಿಕ್ಕಿನ ಉಂಗುರದ ತುಣುಕುಗಳನ್ನು ಒಳಗೆ ಕೂರಿಸುವ ಕ್ರಮವೂ ಉಂಟು; ಅದಕ್ಕೂ ದಪ್ಪ ಬೇಕೆಂಬುದೇ ತೊಡಕು. 2018ರಲ್ಲಿ ಜೇಕಬ್ ಅವರು ಅದೇ ಕೆಲಸಕ್ಕೆ ದಾನವಾಗಿ ಬಂದ ಕಾರ್ನಿಯಾದ ತುಣುಕುಗಳನ್ನು ಬಳಸಿದರು.

ಕಲೆಕಟ್ಟಿ ಮಸುಕಾದ ಕಣ್ಣಿಗೆ ಇವಾವುವೂ ಸಾಲವು, ನಾಟಿಯೇ ಗತಿ. ಹಿಂದೆ ಇಡೀ ಪಟಲವನ್ನು ಬದಲಿಸುತ್ತಿದ್ದರು. ಈಗ ಸಾಧ್ಯವಿದ್ದೆಡೆ ಮುಂಭಾಗವನ್ನಷ್ಟೇ ಬದಲಿಸಿ ರೋಗಿಯ ಒಳಪದರವನ್ನು ಹಾಗೆಯೇ ಉಳಿಸುತ್ತಾರೆ. ಇದರಿಂದ ದೇಹವು ನಾಟಿಯನ್ನು ತಿರಸ್ಕರಿಸುವ ಭಯ ಕಡಿಮೆ. ಪದರ ಬೇರ್ಪಡಿಸುವ ಈ ಕೌಶಲದಿಂದ ದಾನದ ಫಲವೂ ಹೆಚ್ಚಿತು. 2021ರಲ್ಲಿ ನಟ ಪುನೀತ್ ರಾಜಕುಮಾರರ ಎರಡು ಕಣ್ಣುಗಳಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ದೃಷ್ಟಿ ಬಂದುದು ಹೀಗೆಯೇ: ಮುಂಪದರಗಳು ಇಬ್ಬರಿಗೆ, ಹಿಂಪದರಗಳು ಇಬ್ಬರಿಗೆ.

ಮುಂಬಯಿಯಲ್ಲಿ ಪರೇಲಿನ ಹಾಜಿ ಬಚೂಅಲಿ ನೇತ್ರಾಲಯದಂಥ ಹಳೆಯ ಸಂಸ್ಥೆಗಳಿವೆ, ನೇತ್ರಭಂಡಾರಗಳಿವೆ. ಆದರೆ ಮರಣವಾದ ಆರು ಗಂಟೆಗಳೊಳಗೆ ಕಣ್ಣು ತೆಗೆಯಬೇಕು. ಊರಿನಿಂದ ಬಂಧುಗಳು ಬಂದು ಸೇರಲೆಂದು ಕಾಯುವ ಮನೆಗಳಲ್ಲಿ ಆ ಆರು ಗಂಟೆಗಳು ದಹಿಸರ, ಡೊಂಬಿವಲಿಗಳ ದಾರಿಯಲ್ಲೇ ಕಳೆದುಹೋಗಬಹುದು. ಫೋನನ್ನು ಮನೆಯವರು ಮೊದಲು ಮಾಡಬೇಕು. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನನ್ನು ನಿಲ್ಲಿಸಿರಬೇಕು.