ಕೋಟಿನ ಒಳಗೊಂದು ಪಟ್ಟಿ

ಅಮೆರಿಕದ ಫೈರ್ ಸ್ಟೇಷನ್ನಿನಲ್ಲಿ ಕರೆ ಬಂತೆಂದರೆ ಸಿಬ್ಬಂದಿ ಮೊದಲು ಕಾಲಿಡುವುದು ಬೂಟಿನ ಸಮೇತ ಮಡಚಿಟ್ಟ ಪ್ಯಾಂಟಿಗೆ. ಆಮೇಲೆ, ಕೋಟಿಗೂ ಮುಂಚೆ, ಅಗಲವಾದ ಚರ್ಮದ ಪಟ್ಟಿಯೊಂದು ಜನಿವಾರದ ಹಾಗೆ ಹೆಗಲಿನಿಂದ ಸೊಂಟಕ್ಕಿಳಿಯುತ್ತದೆ. ಅದರ ತುದಿಯ ಚೀಲದಲ್ಲಿ ವಾಕಿಟಾಕಿ. ಬಗ್ಗಿದಾಗ, ತೆವಳಿದಾಗ ತೂಗಾಡದಂತೆ ಇನ್ನೊಂದು ಸಣ್ಣ ಪಟ್ಟಿ ಅದನ್ನು ಹಿಡಿದಿಡುತ್ತದೆ. ಮೇಲೆ ಮೂರು ಪದರದ ಕೋಟು, ಬೆನ್ನಿಗೆ ಗಾಳಿಯ ಸಿಲಿಂಡರು. ಕೊನೆಗೆ ಹೊರಗೆ ಕಾಣುವುದು ಕೊರಳ ಹತ್ತಿರ ಸಿಕ್ಕಿಸಿದ ಮೈಕು, ಕೋಟಿನ ಅಂಚಿನ ಕೆಳಗೆ ರೇಡಿಯೊದ ಒಂದು ತುಂಡು, ಅಷ್ಟೆ.

ಎಲ್ಲರೂ ಹೀಗೆ ಧರಿಸುವುದಿಲ್ಲ. ಕೋಟಿನ ಎದೆಯ ಮೇಲೆ ರೇಡಿಯೊಗೆಂದೇ ಹೊಲಿದ ಜೇಬು ಅನೇಕರಿಗೆ ರೂಢಿ. ಪಟ್ಟಿಯನ್ನು ಕೋಟಿನ ಮೇಲೆಯೇ ಹಾಕುವವರೂ ಇದ್ದಾರೆ. ಬೇಗ ಆಗುತ್ತದೆ, ಕೈಗೂ ಸಿಗುತ್ತದೆ. ಆದರೆ ಹೊಗೆಯೊಳಗೆ ಹೊರಗಿನ ಪಟ್ಟಿ ಮಂಚದ ಸ್ಪ್ರಿಂಗಿಗೋ, ಸೂರಿನಿಂದ ಜೋತುಬಿದ್ದ ವೈರಿಗೋ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಕಣ್ಣು ಕಾಣುವುದಿಲ್ಲ.

ಶಾಖದ ಮಾತು ಬೇರೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್ 2006ರಲ್ಲಿ ವಾಕಿಟಾಕಿಗಳನ್ನು ಬಿಸಿಗಾಳಿಗೆ ಒಡ್ಡಿ ನೋಡಿತು. ಹೊದಿಕೆಯಿಲ್ಲದ ಹಲವು ರೇಡಿಯೊಗಳು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಲು ಗಂಟೆಯೊಳಗೇ ಕೈಕೊಟ್ಟವು. ಕೋಟಿನ ಬಟ್ಟೆಯ ಜೇಬಿನಲ್ಲಿದ್ದವು ಎಷ್ಟೋ ಚೆನ್ನಾಗಿ ತಾಳಿಕೊಂಡವು. ಹಾಗಾದರೆ ಜೇಬೇ ಸಾಕಲ್ಲ? ಸಾಲದು. ಜೇಬು ರೇಡಿಯೊವನ್ನು ಕಾಯುತ್ತದೆ, ಮೈಕಿಗೆ ಹೋಗುವ ತಂತಿ ಬೆಂಕಿಗೆ ಎದುರಾಗಿಯೇ ಉಳಿಯುತ್ತದೆ. ಆ ಸುರುಳಿ ತಂತಿಯ ಹೊದಿಕೆ ಕರಗಿ ಒಳಗಿನ ಎಳೆಗಳು ಒಂದಕ್ಕೊಂದು ತಾಗಿದರೆ ರೇಡಿಯೊ ತನ್ನಷ್ಟಕ್ಕೆ ಪ್ರಸಾರ ಶುರುಮಾಡಿಬಿಡಬಹುದು. ಒಬ್ಬನ ತಂತಿ ಸುಟ್ಟಿತೆಂದು ಆ ಚಾನೆಲ್ಲಿನಲ್ಲಿರುವ ಎಲ್ಲರ ಬಾಯಿ ಕಟ್ಟುತ್ತದೆ. ಮಹಡಿಯಲ್ಲಿ ಸಿಕ್ಕಿಬಿದ್ದವರ ‘ಮೇಡೇ’ ಕೂಗಿಗೂ ದಾರಿಯಿರುವುದಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇದೇ.

ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯ ಅಗ್ನಿಶಾಮಕ ಇಲಾಖೆ 2013ರ ವರದಿಯಲ್ಲಿ ಪಟ್ಟಿಯನ್ನು ಕೋಟಿನ ಒಳಗೇ ಧರಿಸಬೇಕೆಂದಿತು. ತಂತಿಯ ಬಹುಪಾಲು ಕೋಟಿನ ಮರೆಯಲ್ಲಿ ಉಳಿಯುತ್ತದೆ. ಸೊಂಟದ ಬಳಿ ಆಂಟೆನಾ ಮೈಯಿಂದ ದೂರಕ್ಕೆ ವಾಲಿದ್ದರೆ ಇನ್ನೂ ಲಾಭ. ಮೈಗೆ ಒತ್ತಿಕೊಂಡ ಆಂಟೆನಾದ ಸಂಕೇತವನ್ನು ಶರೀರವೇ ಹೀರಿಕೊಳ್ಳುತ್ತದೆ. ತೊಡಲು ಕೆಲವು ಕ್ಷಣ ಹೆಚ್ಚು ಹಿಡಿಯಬಹುದು, ಆದರೂ ಇದೇ ಸರಿಯಾದ ಕ್ರಮ ಎಂದು ನನಗನ್ನಿಸುತ್ತದೆ.

ಚರ್ಮಕ್ಕೂ ಒಂದು ದೋಷವಿದೆ. ಹೊಗೆಯ ಮಸಿಯಲ್ಲಿ ಕ್ಯಾನ್ಸರ್ ತರುವ ರಾಸಾಯನಿಕಗಳಿರುತ್ತವೆ. ಚರ್ಮ ಅವನ್ನು ಹೀರುತ್ತದೆ, ಕೋಟಿನಂತೆ ಯಂತ್ರಕ್ಕೆ ಹಾಕಿ ಒಗೆಯಲೂ ಆಗದು. ಒಳಗೆ ಧರಿಸಿದರೆ ಅದು ಮೈಗೆ ಇನ್ನಷ್ಟು ಹತ್ತಿರ. ಹಾಗಾಗಿ ತೊಳೆದು ಒರೆಸಬಹುದಾದ ಕೃತಕ ಬಟ್ಟೆಯ ಪಟ್ಟಿಗಳು ಈಗ ಬಂದಿವೆ. ಚರ್ಮದ್ದೇ ಇದ್ದವರು ಪ್ರತಿ ಬೆಂಕಿಯ ನಂತರವೂ ಅದನ್ನು ಸೋಪಿನ ನೀರಲ್ಲಿ ಉಜ್ಜಿ ನೆರಳಲ್ಲಿ ಒಣಗಿಸಬೇಕು.