ತೂತಿಲ್ಲದ ಭರಣಿಯಲ್ಲಿ ರಸಭರಿತ ಸಸ್ಯ

ಮಂಗಳೂರಿನ ಪಣಂಬೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3,500 ಮಿಲಿಮೀಟರಿನಷ್ಟು ಸುರಿಯುವ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದುಬಿಡುತ್ತದೆ. ಇಂಥ ಕಡಲತೀರದಲ್ಲಿ, ದಪ್ಪ ಎಲೆಗಳಲ್ಲಿ ನೀರನ್ನು ಕೂಡಿಟ್ಟು ಬರವನ್ನು ಗೆಲ್ಲುವ ರಸಭರಿತ ಸಸ್ಯಗಳನ್ನು, ಅದರಲ್ಲಿಯೂ ತಳದಲ್ಲಿ ತೂತಿಲ್ಲದ ಉಪ್ಪಿನಕಾಯಿ ಭರಣಿಯಲ್ಲಿಯೋ ಗಾಜಿನ ಬಟ್ಟಲಿನಲ್ಲಿಯೋ ಬೆಳೆಸಹೊರಟವರು ಮನಗಾಣಬೇಕಾದ ಸಂಗತಿಯೊಂದಿದೆ: ಅಲ್ಲಿ ಹೊಯ್ದ ನೀರಿಗೆ ಆವಿಯಾಗುವುದೇ ಮುಖ್ಯವಾದ ನಿರ್ಗಮನ ಮಾರ್ಗ, ಮಳೆಗಾಲದ ಗಾಳಿ ತಾನೇ ತೇವದಿಂದ ತುಂಬಿರುವಾಗ ಆ ಮಾರ್ಗವೂ ಬಹುಮಟ್ಟಿಗೆ ಮುಚ್ಚಿದಂತೆ.

ಗಿಡವಾದರೂ ಕುಡಿಯಬಾರದೇ ಎನ್ನಬಹುದು. ಲೋಳೆಸರ, ಹಾವರ್ಥಿಯಾ ಮೊದಲಾದವು ಹಗಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿ, ಇರುಳಿನ ತಂಪಿನಲ್ಲಿ ತೆರೆದು ಇಂಗಾಲಾಮ್ಲವನ್ನು ಸಂಗ್ರಹಿಸುವುದರಿಂದ ಅವುಗಳಿಗೆ ಬೇಕಾದ ನೀರು ಅತ್ಯಲ್ಪ. ಉಳಿದ ನೀರು ಮಣ್ಣಿನ ಕಣಗಳ ನಡುವಣ ಗಾಳಿಯನ್ನು ಹೊರದೂಡಿ ಬೇರನ್ನು ಉಸಿರುಗಟ್ಟಿಸುತ್ತದೆ. ನಮ್ಮ ಅಡಕೆಯ ಕೊಳೆರೋಗಕ್ಕೆ ಕಾರಣವಾದ ಫೈಟೋಫ್ತೊರ ಎಂಬ ಸೂಕ್ಷ್ಮಜೀವಿಯ ಬಂಧುಬಳಗಕ್ಕೆ ಅದೇ ಸುಭಿಕ್ಷ ಕಾಲ. ಬುಡದ ಎಲೆ ಹಳದಿಯಾಗಿ, ಬೆಳಕು ಹಾಯುವಷ್ಟು ಪಾರದರ್ಶಕವಾಗಿ, ಮುಟ್ಟಿದೊಡನೆ ಕಳಚಿಬಂದರೆ ಬೇರನ್ನೆತ್ತಿ ನೋಡಬೇಕು: ಕಂದಿದ ಸಿಪ್ಪೆ ಜಾರಿ ಬೆರಳಿಗಂಟಿ, ನಡುವಿನ ನಾರು ಮಾತ್ರ ಉಳಿದಿರುತ್ತದೆ. ಆಗ ಕಾಂಡವನ್ನು ಕೊಳೆ ತಟ್ಟದ ಭಾಗದವರೆಗೆ ಕತ್ತರಿಸಿ, ನೆರಳಿನಲ್ಲಿ ಗಾಯ ಒಣಗಿದ ಮೇಲೆ ಹೊಸದಾಗಿ ನೆಡುವುದಲ್ಲದೆ ಬೇರೆ ಚಿಕಿತ್ಸೆಯಿಲ್ಲ.

ತಳದಲ್ಲಿ ಜಲ್ಲಿ ಹಾಸಿದರೆ ಸಾಕೆಂಬ ನಂಬಿಕೆ ಬಹು ವ್ಯಾಪಕವಾದುದಾದರೂ ನಿಜವಲ್ಲ. ನುಣುಪು ಮಣ್ಣು ತನ್ನ ಸೂಕ್ಷ್ಮ ಸಂದುಗಳಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ಅದು ಪೂರ್ತಿ ನೆನೆಯುವ ತನಕ ಜಲ್ಲಿಗೆ ಹನಿಯೂ ಇಳಿಯದು. ಇಳಿದುದು ಅಲ್ಲಿಯೇ ನಿಂತು, ಬೇರಿನ ನೆಲೆಯನ್ನು ಮೇಲಕ್ಕೆ, ಇನ್ನಷ್ಟು ಇಕ್ಕಟ್ಟಿಗೆ ತಳ್ಳುತ್ತದೆ. ಮಣ್ಣನ್ನೇ ಆದ್ಯಂತ ಸಡಿಲಗೊಳಿಸುವುದು ಲೇಸು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಮಂಗಳೂರಿನಲ್ಲಿ ಒಡೆದ ಹಂಚಿಗೇನು ಬರ? ಕಡಲೆಕಾಳಿನಷ್ಟಕ್ಕೆ ಕುಟ್ಟಿದ ಎರಡು ಪಾಲು ಚೂರಿಗೆ ಒಂದು ಪಾಲು ಮಣ್ಣು ಬೆರೆಸಿದರೆ ಗಾಳಿಯಾಡುವ ಹದ ದೊರೆಯುತ್ತದೆ. ಕೈಗೆಟುಕುವುದೆಂದು ಪಣಂಬೂರಿನ ಕಡಲ ಮರಳನ್ನು ಮಾತ್ರ ಬೆರೆಸಬಾರದು. ತೂತಿಲ್ಲದ ಪಾತ್ರೆಯಿಂದ ಅದರ ಉಪ್ಪು ಎಂದಿಗೂ ತೊಳೆದುಹೋಗದು.

ನೀರುಣಿಸುವ ಮುನ್ನ ಹಿಡಿಸೂಡಿಯ ಒಂದು ಕಡ್ಡಿಯನ್ನು ತಳದವರೆಗೆ ಊರಿ, ಸ್ವಲ್ಪ ಹೊತ್ತಿನ ಬಳಿಕ ಎತ್ತಿದಾಗ ಅದರ ತುದಿ ಒಣಗಿಯೇ ಇದ್ದರೆ ಒಂದೆರಡು ಚಮಚ ಹಾಕಬಹುದು. ಮಳೆಗಾಲದ ಆಟಿ ತಿಂಗಳಲ್ಲಿ ಅದೂ ಬೇಡ. ಎರಚಲು ತಾಕದ, ಬೆಳಕುಳ್ಳ ಚಾವಡಿಯೇ ಸಾಕು. ಇಷ್ಟು ಕಾಯುವ ವ್ಯವಧಾನವಿಲ್ಲದವರು ಗಿಡವನ್ನು ತೂತುಳ್ಳ ಪುಟ್ಟ ಕುಂಡದಲ್ಲಿ ನೆಟ್ಟು, ಆ ಕುಂಡವನ್ನೇ ಭರಣಿಯೊಳಗಿರಿಸಿ, ನೀರುಣಿಸುವಾಗ ಹೊರತೆಗೆದು ಪೂರ್ತಿ ಬಸಿದ ಮೇಲೆ ಮರಳಿ ಇಡುವುದೇ ನಿರಪಾಯವಾದ ಕ್ರಮ.